ಬೇಗ ಕೆಡದ ವಿಟಮಿನ್ ಸಿ ಸೀರಮ್ ಮನೆಯಲ್ಲೇ ಮಾಡುವುದು ಹೇಗೆ?

ಶಿವಮೊಗ್ಗದಲ್ಲಿ ಮಳೆ ಹಿಡಿದ ಜೂನ್ ತಿಂಗಳಲ್ಲಿ ನಾನು ಮೊದಲ ಸಲ ಮುಖಕ್ಕೆ ಹಚ್ಚುವ ತೆಳು ದ್ರವ, ಅಂದರೆ ವಿಟಮಿನ್ ಸಿ ಸೀರಮ್ ಮಾಡಿದೆ. ಬೋರ್‌ವೆಲ್ ನೀರನ್ನೇ ಕುದಿಸಿ ಆರಿಸಿ ಬಳಸಿದ್ದೆ. ಐದನೇ ದಿನಕ್ಕೆ ಬಾಟಲಿಯೊಳಗೆ ಚಹಾ ಡಿಕಾಕ್ಷನ್ ಬಣ್ಣ! ಪುಡಿ ಚೆನ್ನಾಗಿಯೇ ಇತ್ತು. ಕೆಡಿಸಿದ್ದು ನೀರು.

ನಮ್ಮ ಕಡೆಯ ಕೆಂಪು ಮಣ್ಣಿನ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರುವುದುಂಟು. ಬಿಳಿ ಬಟ್ಟೆಗೆ ಕಂದು ಕಲೆ ಹಿಡಿಯುತ್ತದಲ್ವಾ, ಅದೇ. ವಿಟಮಿನ್ ಸಿ, ಅಂದರೆ ಎಲ್-ಆಸ್ಕಾರ್ಬಿಕ್ ಆಮ್ಲ, ನೀರಿನಲ್ಲಿ ಕರಗಿದ ಮೇಲೆ ಗಾಳಿ ತಾಗಿ ನಿಧಾನವಾಗಿ ಕೆಡುತ್ತಾ ಹೋಗುತ್ತದೆ. ಕಬ್ಬಿಣ, ತಾಮ್ರ ಚೂರೇ ಚೂರು ಇದ್ದರೂ ಅದು ಬೇಗ ಆಗುತ್ತದೆ. ಬೆಳಕು, ಬಿಸಿ ಸೇರಿದರೆ ಇನ್ನೂ ಬೇಗ. ಆದ್ದರಿಂದ ತಾಮ್ರದ ಚೊಂಬು, ಕಬ್ಬಿಣದ ಪಾತ್ರೆ ಹತ್ತಿರಕ್ಕೂ ಬೇಡ. ಗಾಜಿನ ಲೋಟ, ಗಾಜಿನ ಕಡ್ಡಿ ಇಟ್ಟುಕೊಳ್ಳಿ.

ಶುದ್ಧ ಎಲ್-ಆಸ್ಕಾರ್ಬಿಕ್ ಆಮ್ಲದ ಪುಡಿ, ಗ್ಲಿಸರಿನ್, ಡಿಸ್ಟಿಲ್ಡ್ ವಾಟರ್ (ಆವಿ ಮಾಡಿ ತಣಿಸಿದ ಶುದ್ಧ ನೀರು), ಅಡುಗೆ ಸೋಡಾ, ಪಿಎಚ್ ಪಟ್ಟಿ (ದ್ರವ ಎಷ್ಟು ಹುಳಿ ಎಂದು ಬಣ್ಣದಲ್ಲಿ ತೋರಿಸುವ ಕಾಗದ; ಪಿಎಚ್ ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ), ಕಂದು ಗಾಜಿನ 10 ಮಿ.ಲೀ.ನ ಎರಡು ಬಾಟಲಿ ಬೇಕು. ಗ್ಯಾರೇಜಿನ ಬ್ಯಾಟರಿ ನೀರು ತರಬೇಡಿ. ಚೀಪುವ ವಿಟಮಿನ್ ಸಿ ಮಾತ್ರೆಯಲ್ಲಿ ಸಕ್ಕರೆ, ಬಣ್ಣ ಇರುತ್ತವೆ, ಅದೂ ಬೇಡ. ನಿಂಬೆರಸವಂತೂ ಬೇಡವೇ ಬೇಡ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಗೆ ಮಾತ್ರ ದುಡ್ಡು ಹಾಕಿ. ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ.

ಒಂದು ಸಲಕ್ಕೆ 20 ಗ್ರಾಂ ಮಾತ್ರ ಮಾಡಿ. ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಪೂರ್ತಿ ಒಣಗಿಸಿ. 14 ಗ್ರಾಂ ಡಿಸ್ಟಿಲ್ಡ್ ವಾಟರ್‌ಗೆ 2 ಗ್ರಾಂ ಪುಡಿ ಹಾಕಿ ಕರಗಿಸಿ. ಬಿಸಿ ಮಾಡಬೇಡಿ, ತಣ್ಣಗಿದ್ದರೂ ಕರಗುತ್ತದೆ. ಆಮೇಲೆ 2 ಗ್ರಾಂ ಗ್ಲಿಸರಿನ್ ಸೇರಿಸಿ.

ಈಗ ತಾಳ್ಮೆಯ ಕೆಲಸ. ಈ ದ್ರವದ ಪಿಎಚ್ 2ರ ಆಸುಪಾಸು ಇರುತ್ತದೆ. ಹಾಗೇ ಹಚ್ಚಿದರೆ ಉರಿ. 3.5 ದಾಟಿದರೆ ಚರ್ಮದೊಳಗೆ ಇಳಿಯುವುದು ಕಡಿಮೆಯಾಗುತ್ತದೆ. ನಮಗೆ ಬೇಕಾದ್ದು 3ರಿಂದ 3.5. ಇನ್ನೊಂದು ಲೋಟದಲ್ಲಿ 20 ಗ್ರಾಂ ಡಿಸ್ಟಿಲ್ಡ್ ವಾಟರ್‌ಗೆ 1 ಗ್ರಾಂ ಅಡುಗೆ ಸೋಡಾ ಕರಗಿಸಿ. ಅದನ್ನು ಹನಿ ಹನಿಯಾಗಿ ಸೀರಮ್‌ಗೆ ಬಿಡಿ. ನೊರೆ ಬರುತ್ತದೆ, ಹೆದರಬೇಡಿ. ಕಲಕಿ, ಪಟ್ಟಿ ಅದ್ದಿ ನೋಡಿ, ಮತ್ತೆ ಹನಿ ಬಿಡಿ. ಬಿಟ್ಟ ಸೋಡಾ ನೀರು ಒಟ್ಟು ಒಂದೂವರೆ, ಎರಡು ಗ್ರಾಂ ಆಗುವಷ್ಟರಲ್ಲಿ ಪಿಎಚ್ ಹದಕ್ಕೆ ಬರುತ್ತದೆ. 20 ಗ್ರಾಂಗೆ ಕಡಿಮೆ ಬಿದ್ದರೆ ಡಿಸ್ಟಿಲ್ಡ್ ವಾಟರ್ ಸೇರಿಸಿ. ಇದು 10 ಶೇಕಡಾ ಸೀರಮ್.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ 15 ಶೇಕಡಾ ವಿಟಮಿನ್ ಸಿ, 1 ಶೇಕಡಾ ವಿಟಮಿನ್ ಇ ಜೊತೆ 0.5 ಶೇಕಡಾ ಫೆರುಲಿಕ್ ಆಮ್ಲ (ಗಿಡಗಳಲ್ಲಿ ಸಿಗುವ ಒಂದು ಆಮ್ಲ) ಸೇರಿಸಿದಾಗ ಸೀರಮ್ ಹೆಚ್ಚು ಸ್ಥಿರವಾಗಿದ್ದನ್ನು ತೋರಿಸಿದರು. ಆದರೆ ಫೆರುಲಿಕ್ ಆಮ್ಲ ಬರೀ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮೊದಲ ಸಲ ಮಾಡುವವರು ಅದನ್ನು ಬಿಟ್ಟುಬಿಡಿ.

ಬಾಟಲಿಯನ್ನು ಕುತ್ತಿಗೆವರೆಗೆ ತುಂಬಿ, ಒಳಗೆ ಗಾಳಿಗೆ ಜಾಗ ಇರಬಾರದು. ಎರಡು ಬಾಟಲಿ ಹೇಳಿದ್ದು ಇದಕ್ಕೇ. ಒಂದನ್ನು ಬಳಸುವಾಗ ಇನ್ನೊಂದು ಮುಚ್ಚಿಯೇ ಇರುತ್ತದೆ. ಬಚ್ಚಲುಮನೆಯ ಹಬೆಯಲ್ಲಿ ಇಡಬೇಡಿ, ಫ್ರಿಜ್‌ನಲ್ಲಿಡಿ. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆ ದಿನಗಟ್ಟಲೆ ಕರೆಂಟ್ ಇಲ್ಲದಿದ್ದರೆ 20 ಗ್ರಾಂ ಬದಲು 10 ಗ್ರಾಂ ಮಾಡಿ, ಎಲ್ಲ ಅಳತೆಯೂ ಅರ್ಧ. ಉಳಿದ ಪುಡಿಗೆ ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿ ಬೇಕು.

ಮೊದಲು ಮೊಣಕೈ ಒಳಮಡಿಕೆಗೆ ಒಂದು ಹನಿ ಹಚ್ಚಿ ಒಂದು ದಿನ ಕಾಯಿರಿ. ಕೆಂಪಾಗಿ ತುರಿಸಿದರೆ ಮುಖಕ್ಕೆ ಬೇಡ. ಗಾಯ, ಮೊಡವೆ ಒಡೆದ ಜಾಗಕ್ಕೂ ಬೇಡ. ಚರ್ಮರೋಗಕ್ಕೆ ಔಷಧಿ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳಿ. ಬೆಳಿಗ್ಗೆ ಮುಖ ತೊಳೆದು ಒರೆಸಿ ಮೂರ್ನಾಲ್ಕು ಹನಿ ಹಚ್ಚಿ, ಮೇಲೆ ಸನ್‌ಸ್ಕ್ರೀನ್. ಮೋಡ ಇದ್ದರೂ ಸನ್‌ಸ್ಕ್ರೀನ್ ಬಿಡಬೇಡಿ.

ಇದರಲ್ಲಿ ಪ್ರಿಸರ್ವೇಟಿವ್ ಇಲ್ಲ, ಎರಡು ವಾರ ದಾಟಿಸಬೇಡಿ. ತೆಳು ಹಳದಿಗೆ ತಿರುಗಿದರೆ ಬೇಗ ಮುಗಿಸಿ. ಕಿತ್ತಳೆ, ಕಂದು ಬಣ್ಣ ಬಂತೋ, ಅವತ್ತೇ ಚೆಲ್ಲಿ.