ಕನ್ಸೋಲ್ ಟೇಬಲ್ ತರುವ ಮುಂಚೆ ಗೋಡೆ ನೋಡಿ

ಗೃಹಪ್ರವೇಶ ಮುಗಿದು ಕೆಲವು ತಿಂಗಳಾದ ಮೇಲೆ ಬಾಗಿಲ ಪಕ್ಕದ ಖಾಲಿ ಗೋಡೆಗೆ ಒಂದು ಕನ್ಸೋಲ್ ಟೇಬಲ್, ಅಂದರೆ ಗೋಡೆಗೆ ಒತ್ತಿಸಿ ಇಡುವ ಕಿರಿದಾದ ಮೇಜು, ಬರುತ್ತದೆ. ಇನ್ನು ಕೆಲವು ತಿಂಗಳಲ್ಲಿ ಅದು ಬಾಲ್ಕನಿಗೆ ಹೋಗಿ, ಅದರ ಮೇಲೆ ಹಳೇ ಪೇಪರ್ ಕಟ್ಟು ಕೂತಿರುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ. ಕಾರಣ ಎರಡೇ. ಅಗಲ ಜಾಸ್ತಿಯಾಗಿ ಓಡಾಡುವವರ ಸೊಂಟಕ್ಕೆಲ್ಲ ತಗಲುತ್ತದೆ, ಇಲ್ಲವೇ ಗೋಡೆಗೆ ಬಿಗಿದ ಸ್ಕ್ರೂ ಕಿತ್ತುಕೊಂಡು ಬರುತ್ತದೆ.

ಈ ಟೇಬಲ್ ಹುಟ್ಟಿದ್ದೇ ಗೋಡೆಯನ್ನು ನಂಬಿಕೊಂಡು. 17ನೇ ಶತಮಾನದ ಕೊನೆ, 18ನೇ ಶತಮಾನದ ಶುರುವಿನಲ್ಲಿ ಫ್ರಾನ್ಸ್, ಇಟಲಿಯ ಅರಮನೆಗಳಲ್ಲಿ ಇದು ಚಾಲ್ತಿಗೆ ಬಂತು. ಮುಂದೆ ಎರಡೇ ಕಾಲು, ಕೆಲವಕ್ಕೆ ಒಂದೇ. ಹಿಂಭಾಗವನ್ನು ಗೋಡೆಗೆ ಬಿಗಿಯುತ್ತಿದ್ದರು, ಮೇಲೆ ದಪ್ಪನೆಯ ಅಮೃತಶಿಲೆ. ಎರಡು ಕಿಟಕಿಗಳ ನಡುವಿನ ಗೋಡೆಗೆ ಇಟ್ಟು, ಅದರ ಮೇಲೊಂದು ಎತ್ತರದ ಕನ್ನಡಿ ಹಾಕಿದರೆ ಮುಂದೆ ಹಚ್ಚಿಟ್ಟ ಮೇಣದಬತ್ತಿಯ ಬೆಳಕು ಇಮ್ಮಡಿಯಾಗುತ್ತಿತ್ತು. ಕರೆಂಟ್ ಇಲ್ಲದ ಕಾಲದಲ್ಲಿ ಅದು ಬರೀ ಶೋಕಿಯಲ್ಲ.

ಫ್ರಾನ್ಸಿನ ರಾಜ 15ನೇ ಲೂಯಿಯ ಕಾಲದ್ದಕ್ಕೆ ಬಳುಕುವ ಕಾಲು, ಚಿಪ್ಪು, ಎಲೆ, ಮೈತುಂಬಾ ಚಿನ್ನದ ಲೇಪ. 1774ರಲ್ಲಿ 16ನೇ ಲೂಯಿ ಪಟ್ಟಕ್ಕೆ ಬರುವ ಹೊತ್ತಿಗೆ ಅದು ಹಳೇ ಫ್ಯಾಷನ್ ಆಗಿ, ನೇರವಾದ ಗೀರುಗೀರಿನ ಕಾಲು ಬಂದಿತ್ತು. ಇಂಗ್ಲೆಂಡಿನಲ್ಲಿ 18ನೇ ಶತಮಾನದ ವಿನ್ಯಾಸಕಾರ ವಿಲಿಯಂ ಕೆಂಟ್ ಕಾಲದ ಕೆಲವು ಟೇಬಲ್‌ಗಳಿಗೆ ಕಾಲೇ ಇಲ್ಲ, ರೆಕ್ಕೆ ಬಿಚ್ಚಿದ ಹದ್ದೊಂದು ಕಲ್ಲನ್ನು ಹೊತ್ತಿರುತ್ತದೆ! 20ನೇ ಶತಮಾನದಲ್ಲಿ ಪ್ಯಾರಿಸ್‌ನ ಕಬ್ಬಿಣದ ಕುಶಲಕರ್ಮಿ ಎಡ್ಗಾರ್ ಬ್ರಾಂಟ್ ಕಬ್ಬಿಣ ಬಡಿದು ಬಳ್ಳಿ ಹರಿಸಿದ. ಈಗ ಅಂಗಡಿಯಲ್ಲಿ ಫ್ರೆಂಚ್ ಸ್ಟೈಲ್ ಅಂತ ಮಾರುವ ಗೋಲ್ಡ್ ಸ್ಪ್ರೇ ಹೊಡೆದ ಟೇಬಲ್‌ಗಳಿಗೂ ಇವುಗಳಿಗೂ ಸಂಬಂಧ ಅಷ್ಟಕ್ಕಷ್ಟೇ, ಅದನ್ನು ದಯವಿಟ್ಟು ತರಬೇಡಿ. ಕೆತ್ತನೆಯ ಸಂದಿಯಲ್ಲಿ ಕೂತ ಧೂಳು ಒರೆಸುವವರ ಗತಿ ಏನು?

ಅಳತೆ

ಓಡಾಡುವ ಜಾಗಕ್ಕೆ 3 ಅಡಿ ಬಿಡಿ. ಪ್ಯಾಸೇಜ್ 4 ಅಡಿ ಇದ್ದರೆ ಟೇಬಲ್ಲಿನ ಅಗಲ 11 ಇಂಚು, ಅಷ್ಟೇ. 3½ ಅಡಿ ಇದ್ದರೆ ಟೇಬಲ್ ಆಸೆ ಬಿಟ್ಟು ಒಂದು ಸಣ್ಣ ಶೆಲ್ಫ್ ಹಾಕಿಸಿ. ಎತ್ತರ 30 ಇಂಚು ಸಾಕು. ಹಳೇ ಪೇಪರನ್ನು ಆ ಅಳತೆಗೆ ಕತ್ತರಿಸಿ ನೆಲಕ್ಕೆ ಅಂಟಿಸಿ, ಎರಡು ದಿನ ಮನೆಯವರೆಲ್ಲ ಓಡಾಡಲಿ. ಬಾಗಿಲು ಪೂರ್ತಿ ತೆಗೆದಾಗ ತಾಗುತ್ತಾ ನೋಡಿ. ಪದೇಪದೇ ಪೇಪರ್ ತುಳಿಯುತ್ತಿದ್ದರೆ ಅರ್ಧಚಂದ್ರಾಕಾರದ ಟೇಬಲ್ ತನ್ನಿ, ಅದಕ್ಕೆ ಮುಂದೆ ಮೂಲೆಗಳೇ ಇಲ್ಲ. ಇಕ್ಕಟ್ಟಾದ ಫ್ಲ್ಯಾಟ್‌ಗಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲ ಅನ್ನುವುದು ನನ್ನ ಅಭಿಪ್ರಾಯ, ಆದರೂ ಯಾಕೋ ಯಾರೂ ಕೊಳ್ಳುವುದಿಲ್ಲ.

ಮರ

ತೇಗ, ಹೊನ್ನೆ, ಇಲ್ಲವೇ ಒಳ್ಳೆಯ ಪ್ಲೈವುಡ್. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ನಮ್ಮಲ್ಲಿ ದಿನಾ ನೆಲ ಒರೆಸುತ್ತೇವೆ, ಒದ್ದೆ ಮಾಪ್ ತಾಗಿ ತಾಗಿ ಅದರ ಕಾಲು ಕೆಳಗಿನಿಂದ ಊದಿಕೊಳ್ಳುತ್ತದೆ. ಯಾವ ಮರವಾದರೂ ಕಾಲಿನ ಕೆಳಗೆ ರಬ್ಬರ್ ಬುಷ್ ಹಾಕಿಸಿ. ಚಿಕ್ಕ ಮಕ್ಕಳಿರುವ ಮನೆಗೆ ಗಾಜಿನ ಟಾಪ್ ಬೇಡ. ಗ್ರಾನೈಟ್ ಚೆಂದವೇ, ಆದರೆ 4 ಅಡಿ ಉದ್ದ, 1 ಅಡಿ ಅಗಲ, 18 ಮಿ.ಮೀ. ದಪ್ಪದ ಕಲ್ಲು ಸುಮಾರು 18 ಕಿಲೋ ತೂಗುತ್ತದೆ ಅನ್ನುವುದು ನೆನಪಿರಲಿ.

ಗೋಡೆಗೆ ಬಿಗಿಯುವುದು

ಎಲ್ಲ ಕೆಡುವುದು ಇಲ್ಲೇ. ಮುಂದೆ ಎರಡು ಕಾಲಿನ ಟೇಬಲ್ ಅಂದರೆ ಗೋಡೆಯೇ ಅದರ ಹಿಂಗಾಲು. ಆ ಗೋಡೆ ಯಾವುದರದ್ದು ಅಂತ ಮೊದಲು ಗೊತ್ತಾಗಬೇಕು. ಟೇಬಲ್ ಹಿಂದೆ ಮುಚ್ಚಿಹೋಗುವ ಜಾಗದಲ್ಲಿ ಒಂದು ಸಣ್ಣ ತೂತು ಕೊರೆದು ಪುಡಿ ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ, ಆರಾಮ. ಬೂದು ಬಣ್ಣದ್ದು ಬಂದು ಡ್ರಿಲ್ ಒದ್ದಾಡಿದರೆ ಕಾಂಕ್ರೀಟ್, ಹ್ಯಾಮರ್ ಡ್ರಿಲ್ ಬೇಕು. ಬೂದು ಪುಡಿ ಬರುತ್ತಾ ಬರುತ್ತಾ ಡ್ರಿಲ್ ದಬಕ್ಕನೆ ಒಳಗೆ ಹೋದರೆ ಹಾಲೋ ಬ್ಲಾಕ್, ಅಂದರೆ ಒಳಗೆ ಪೊಳ್ಳಿರುವ ಸಿಮೆಂಟ್ ಬ್ಲಾಕ್. ಬೆಳ್ಳಗೆ ಮೆತ್ತನೆ ಪುಡಿ ಉದುರಿದರೆ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಬ್ಲಾಕ್. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಇದೇ ಜಾಸ್ತಿ, ಜನ ಮೋಸ ಹೋಗುವುದೂ ಇದರಲ್ಲೇ.

ಎಎಸಿಗೆ ಹ್ಯಾಮರ್ ಹೊಡೆತ ಬೇಡ, ಸುಮ್ನೆ ತಿರುಗಿಸಿದರೆ ಸಾಕು. ಹೊಡೆದರೆ ತೂತು ದೊಡ್ಡದಾಗಿ, ಸ್ಕ್ರೂ ಹಿಡಿಯಲು ಅದರೊಳಗೆ ತುರುಕುವ ಪ್ಲಗ್ ಗಿರಗಿರ ತಿರುಗುತ್ತದೆ. ಅದಕ್ಕೇ ಅಂತ ಬರುವ ಉದ್ದನೆಯ ನೈಲಾನ್ ಪ್ಲಗ್ ಕೇಳಿ ತನ್ನಿ. ಟೇಬಲ್ ಜೊತೆ ಪ್ಯಾಕೆಟ್‌ನಲ್ಲಿ ಪುಕ್ಕಟೆ ಕೊಡುವ ಗಿಡ್ಡ ಪ್ಲಾಸ್ಟಿಕ್ ಪ್ಲಗ್‌ಗಳನ್ನು ಕಸದಬುಟ್ಟಿಗೆ ಹಾಕಿ. ಹಾಲೋ ಬ್ಲಾಕ್‌ಗೂ ಅವು ಆಗುವುದಿಲ್ಲ, ಒಳಗಿನ ಪೊಳ್ಳಿಗೆ ಬಿದ್ದುಹೋಗುತ್ತವೆ. ಒಳಗೆ ಹೋಗಿ ಅರಳಿಕೊಳ್ಳುವ ಹಾಲೋ ವಾಲ್ ಫಾಸ್ಟನರ್ ಬೇಕು. ಕಲ್ಲಿನ ಟಾಪ್ ಇದ್ದರೆ ಅದನ್ನೂ ನಂಬಬೇಡಿ, ನಾಲ್ಕು ಕಾಲಿನದ್ದೇ ತನ್ನಿ.

ಇನ್ನು ಸ್ಕ್ರೂ ಉದ್ದ. ಟೇಬಲ್ಲಿನ ಹಿಂದಿನ ಅಂಚು ಕೂರಲು ಗೋಡೆಗೆ ಬಿಗಿಯುವ ಮರದ ಪಟ್ಟಿ, ಅಂದರೆ ರೀಪರ್, 18 ಮಿ.ಮೀ. ದಪ್ಪ, ಗೋಡೆಯ ಪ್ಲಾಸ್ಟರ್ ಸುಮಾರು 15 ಮಿ.ಮೀ. ಅಲ್ಲಿಗೆ 33 ಆಯಿತು. ಒಂದೂವರೆ ಇಂಚಿನ ಸ್ಕ್ರೂ ಅಂದರೆ 38 ಮಿ.ಮೀ. ಉಳಿದ 5 ಮಿ.ಮೀ. ಮಾತ್ರ ಬ್ಲಾಕ್ ಒಳಗೆ! ಪ್ಲಾಸ್ಟರ್ ಹಿಡಿದುಕೊಂಡು ನೇತಾಡುವ ಟೇಬಲ್ ಎಷ್ಟು ದಿನ ನಿಂತೀತು? ಇಟ್ಟಿಗೆ, ಕಾಂಕ್ರೀಟಿಗೆ 3 ಇಂಚು, ಎಎಸಿಗೆ 4 ಇಂಚು ಹಾಕಿ. ಬಡಗಿ "ಇಷ್ಟುದ್ದ ಬೇಡ ಸಾರ್" ಅನ್ನುತ್ತಾರೆ. ಬೇಕು ಅಂತ ಹೇಳಿ.

ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ, ವೈರಿನ ಪೈಪ್ ಸಾಮಾನ್ಯವಾಗಿ ಅಲ್ಲೇ ಹೋಗಿರುತ್ತದೆ. ಗೋಡೆಯ ಆಚೆ ಬದಿ ಬಾತ್‌ರೂಮ್ ಇದ್ದರೆ ಬೇರೆ ಗೋಡೆ ಹುಡುಕಿ. ಮೊದಲು ರಸಮಟ್ಟ ಹಿಡಿದು ಗೆರೆ ಎಳೆಯಿರಿ. ಫೋನಿನ ಆಪ್ ಸಾಕು ಅನ್ನುವವರಿದ್ದಾರೆ, ಆದರೆ ಹಿಂದಿನ ಕ್ಯಾಮೆರಾ ಉಬ್ಬಿರುವ ಫೋನನ್ನು ಅಡ್ಡ ಮಲಗಿಸಿದರೆ ಲೆಕ್ಕ ತಪ್ಪುತ್ತದೆ. ಗೆರೆಯ ಮೇಲೆ ರೀಪರ್ ಬಿಗಿದು, ಅದರ ಮೇಲೆ ಟೇಬಲ್ಲಿನ ಹಿಂದಿನ ಅಂಚು ಕೂರಿಸಿ ಸ್ಕ್ರೂ ಹಾಕಿ. ತೂತು ಸಡಿಲವಾಯಿತು ಅಂತ ಬೆಂಕಿಕಡ್ಡಿ ತುರುಕುವುದು, ಎಂ-ಸೀಲ್ ಮೆತ್ತುವುದು ಮಾಡಬೇಡಿ. ಎರಡು ಇಂಚು ಪಕ್ಕಕ್ಕೆ ಹೊಸ ತೂತು ಕೊರೆಯಿರಿ.

ನಾಲ್ಕು ಕಾಲಿನದ್ದಕ್ಕೆ ಬೇರೆ ತಲೆನೋವು. ನೆಲದಂಚಿನ ಸ್ಕರ್ಟಿಂಗ್ ಅರ್ಧ ಇಂಚು ಮುಂದೆ ಬಂದಿರುತ್ತದೆ, ಹಿಂಗಾಲು ಅದಕ್ಕೆ ತಾಗಿ ಮೇಲೆ ಸಂದಿ ಉಳಿಯುತ್ತದೆ, ಬೀಗದ ಕೈ, ಪೆನ್ನು ಎಲ್ಲ ಅದರಲ್ಲಿ ಜಾರುತ್ತವೆ. ಹಿಂಗಾಲಿನ ಬುಡದಲ್ಲಿ ಸ್ಕರ್ಟಿಂಗ್ ಎತ್ತರಕ್ಕೆ ಕಚ್ಚು ಹೊಡೆಸಿ. ಆಮೇಲೆ ಒಂದು ಎಲ್ ಕ್ಲ್ಯಾಂಪಿನಿಂದ ಗೋಡೆಗೆ ಹಿಡಿಸಿ, ಮಕ್ಕಳು ಹಿಡಿದು ಜೋತುಬೀಳುತ್ತಾರೆ.

ಎಲ್ಲಿ, ಯಾವುದಕ್ಕೆ

ಬಾಗಿಲ ಪಕ್ಕ ಬೀಗದ ಕೈ, ಹೆಲ್ಮೆಟ್, ಕೊರಿಯರ್ ಕವರ್‌ಗೆ. ಕೆಳಗೆ ಚಪ್ಪಲಿ ಬಿಡುವುದಾದರೆ ಮೇಲೆ ದೇವರ ಫೋಟೊ ಇಡಬೇಡಿ, ಅಜ್ಜಿ ಬಂದ ದಿನವೇ ಜಗಳ. ಸೋಫಾ ಹಿಂದೆ ಇಡುವುದಾದರೆ ಸೋಫಾ ಬೆನ್ನಿಗಿಂತ ಒಂದಿಂಚು ತಗ್ಗಿರಲಿ. ಅಲ್ಲಿ ಟೇಬಲ್ಲಿನ ಹಿಂಭಾಗವೂ ಕಾಣುತ್ತದೆ, ಕೊಳ್ಳುವಾಗ ಗೋಡೆಯಿಂದ ಎಳೆಸಿ ಹಿಂದೆ ನೋಡಿ, ಪಾಲಿಶ್ ಕಾಣದೆ ಬೋಳಾಗಿರುವುದೇ ಜಾಸ್ತಿ. ಊಟದ ಮನೆಯಲ್ಲಿದ್ದರೆ ಹಬ್ಬದ ದಿನ ಪಾತ್ರೆಗಳನ್ನು ಸಾಲಾಗಿ ಇಡಬಹುದು. ಲ್ಯಾಪ್‌ಟಾಪ್ ಕೆಲಸಕ್ಕೆ 11 ಇಂಚು ಸಾಲದು, ಕೈ ಊರಲು ಜಾಗ ಇರುವುದಿಲ್ಲ, 16 ಇಂಚಾದರೂ ಬೇಕು.

ಮೇಲೆ ಕನ್ನಡಿ ಹಾಕಿ. ಕಿಟಕಿ ಎದುರಿನ ಗೋಡೆ ಸಿಕ್ಕರೆ ಕತ್ತಲೆ ಪ್ಯಾಸೇಜ್‌ಗೆ ಹಗಲಲ್ಲಿ ಲೈಟೇ ಬೇಡ.

ಬಾಡಿಗೆ ಮನೆ, ಓನರ್ ಗೋಡೆಗೆ ಮೊಳೆ ಹೊಡೆಯಲೂ ಬಿಡುವುದಿಲ್ಲ ಅಂದರೆ ನಾಲ್ಕು ಕಾಲಿನ, ಕೆಳಗೊಂದು ಹಲಗೆ ಇರುವ ಟೇಬಲ್ ತನ್ನಿ. ಆ ಹಲಗೆ ಮೇಲೆ ಹಳೇ ಪುಸ್ತಕದ ಕಟ್ಟೋ, ಕುಕ್ಕರ್ ಡಬ್ಬವೋ, ಯಾವುದಾದರೂ ಭಾರದ್ದು ಇಡಿ. ಡ್ರಾಯರ್ ಇರುವುದು ಬೇಡ, ಎಳೆದಾಗ ಮುಂದಕ್ಕೆ ವಾಲುತ್ತದೆ.