ಎಂಟು ಮಷೀನ್, ಒಂದೇ ಡೌನ್‌ಲೋಡ್: ಫಾರ್ಮ್ಯಾಟ್ ಮಾಡದೆ ಡೆಬಿಯನ್ 10ರಿಂದ 13ಕ್ಕೆ

ಡೆಬಿಯನ್ ಎಂಬ ಲಿನಕ್ಸ್ ಓಎಸ್ ಇರುವ ಡೆಸ್ಕ್‌ಟಾಪ್‌ನ ಆವೃತ್ತಿ ಬದಲಿಸುವ ಮಾತು ಬಂದಾಗೆಲ್ಲ ಸಿಗುವ ಸಲಹೆ ಒಂದೇ: ಹೋಮ್ ಫೋಲ್ಡರ್ ಬ್ಯಾಕಪ್ ತೆಗೆದಿಟ್ಟು ಹೊಸದಾಗಿ ಹಾಕಿಬಿಡಿ. ಇದ್ದದ್ದರ ಮೇಲೇ ಅಪ್‌ಗ್ರೇಡ್ ಮಾಡುತ್ತ ಹೋದರೆ ಕಸ ಸೇರುತ್ತದೆ, ಎರಡನೇ ಸಲಕ್ಕೆ ಕೈಕೊಡುತ್ತದೆ ಅಂತ. ನನಗೂ ಇದನ್ನೇ ಹೇಳಿದರು. ನಾನು ನೋಡಿಕೊಳ್ಳುವ ಎಂಟು ಮಷೀನ್‌ಗಳು 2019ರ ಬಸ್ಟರ್‌ನಿಂದ (ಡೆಬಿಯನ್ 10) 2021ರ ಬುಲ್ಸ್‌ಐಗೆ (11), ಅಲ್ಲಿಂದ 2023ರ ಬುಕ್‌ವರ್ಮ್‌ಗೆ (12) ಬಂದವು. ಆರು ಮಷೀನ್‌ಗಳು 2025ರ ಟ್ರಿಕ್ಸಿಯನ್ನೂ (13) ಮುಟ್ಟಿವೆ. ಒಂದನ್ನೂ ಫಾರ್ಮ್ಯಾಟ್ ಮಾಡಿಲ್ಲ. ಇನ್ನೆರಡು ಏಕೆ ನಿಂತವು ಎನ್ನುವುದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಖರ್ಚಿನ ಲೆಕ್ಕ. ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಮಷೀನ್‌ಗೆ ಒಂದು ಆವೃತ್ತಿ ದಾಟಲು ಹೆಚ್ಚುಕಡಿಮೆ ಒಂದೂವರೆ ಜಿಬಿ, ಕೆಡಿಇ ಡೆಸ್ಕ್‌ಟಾಪ್ ಮತ್ತು ಲಿಬ್ರೆಆಫೀಸ್ ಪೂರ್ತಿ ಇರುವುದಕ್ಕೆ ಎರಡೂವರೆಯ ಹತ್ತಿರ. ಎಂಟಕ್ಕೂ ಬೇರೆಬೇರೆಯಾಗಿ ಇಳಿಸಿದರೆ 15 ಜಿಬಿ ದಾಟುತ್ತದೆ, ಅರ್ಧದಲ್ಲಿ ಕೆಟ್ಟು ಮತ್ತೆ ಇಳಿಸುವುದು ಬೇರೆ. ಒಮ್ಮೆ ಇಳಿಸಿದ ಪ್ಯಾಕೇಜ್‌ಗಳನ್ನು ಉಳಿಸಿಟ್ಟು ಬೇರೆ ಮಷೀನ್‌ಗಳಿಗೂ ಕೊಡುವ ಆಪ್ಟ್-ಕ್ಯಾಚರ್-ಎನ್‌ಜಿ ಹಾಕಿದ ಮೇಲೆ ಒಟ್ಟು ಮೂರೂವರೆ ಜಿಬಿಯೊಳಗೆ ಮುಗಿಯಿತು. ಡೇಟಾ ಖರ್ಚು ಕಾಲು ಭಾಗಕ್ಕೆ ಇಳಿದಂತಾಯಿತು. ಕ್ಯಾಶ್ ಇಡಲು ಹೊಸ ಯಂತ್ರವನ್ನೇನೂ ಕೊಳ್ಳಲಿಲ್ಲ. ಇರುವುದರಲ್ಲೇ ಹಳೆಯದು, 2 ಜಿಬಿ ರ‍್ಯಾಮ್‌ನದು, ಅದರಲ್ಲಿ 40 ಜಿಬಿಯ ಒಂದು ಪಾರ್ಟಿಷನ್. ಪೋರ್ಟ್ 3142. ಉಳಿದ ಮಷೀನ್‌ಗಳಲ್ಲಿ ಆಪ್ಟ್ (ಪ್ಯಾಕೇಜ್ ಇಳಿಸಿ ಹಾಕುವ ಡೆಬಿಯನ್ ಆಜ್ಞೆ) ಓದುವ ಆಪ್ಟ್.ಕಾನ್ಫ್.ಡಿ ಫೋಲ್ಡರ್‌ನಲ್ಲಿ, ಕ್ಯಾಶ್ ಮಷೀನ್ ಮೂಲಕವೇ ಇಳಿಸು ಎನ್ನುವ ಪ್ರಾಕ್ಸಿಯ ಒಂದು ಸಾಲು, ಅಷ್ಟೇ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಪ್ಯಾಕೇಜ್ ಎಲ್ಲಿಂದ ತರಬೇಕೆಂದು ಬರೆದಿರುವ ಸೋರ್ಸಸ್ ಲಿಸ್ಟ್‌ನಲ್ಲಿ ವಿಳಾಸ ಎಚ್‌ಟಿಟಿಪಿಎಸ್ ಆಗಿದ್ದರೆ ಕ್ಯಾಚರ್‌ಗೆ ಒಳಗೇನಿದೆ ಎಂದು ಕಾಣುವುದಿಲ್ಲ, ಏನನ್ನೂ ಉಳಿಸಿಕೊಳ್ಳುವುದಿಲ್ಲ. ಪ್ರಾಕ್ಸಿ ಇದೆ, ಆದರೂ ಪ್ರತಿ ಮಷೀನ್ ಹೊರಗಿನಿಂದಲೇ ಇಳಿಸುತ್ತಿದೆ ಎಂದರೆ ಕಾರಣ ಇದೇ. ಹಾಗಾಗಿ ಪಟ್ಟಿಯಲ್ಲಿದ್ದ ಡೆಬಿಯನ್ ಮಿರರ್‌ಗಳ (ಪ್ಯಾಕೇಜ್ ಹಂಚುವ ಸರ್ವರ್‌ಗಳ) ವಿಳಾಸವನ್ನು ನಾನು ಬರೀ ಎಚ್‌ಟಿಟಿಪಿಗೆ ಬದಲಿಸಿದೆ. ಮಿರರ್‌ನ ವಿಷಯಸೂಚಿಯಾದ ರಿಲೀಸ್ ಫೈಲ್‌ಗೆ ಸಹಿ ಇದೆ, ಪ್ಯಾಕೇಜ್‌ಗಳ ಹ್ಯಾಶ್ (ಫೈಲ್‌ನ ಬೆರಳಚ್ಚು) ಆ ಸಹಿಯ ಅಡಿಯಲ್ಲೇ ಬರುತ್ತದೆ. ಹಾಗಾಗಿ ದಾರಿಯಲ್ಲಿ ಯಾರಾದರೂ ಫೈಲ್ ಬದಲಿಸಿದರೆ ಆಪ್ಟ್ ತಿರಸ್ಕರಿಸುತ್ತದೆ.

ಎರಡನೇ ಎಡವಟ್ಟು ಕ್ಯಾಚರ್‌ನ ಎಕ್ಸ್‌ಥ್ರೆಶೋಲ್ಡ್ ಸೆಟ್ಟಿಂಗ್. ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಫೈಲ್‌ಗಳನ್ನು ಕ್ಯಾಚರ್ 4 ದಿನ ಕಾದು ಅಳಿಸುತ್ತದೆ. ಮೊದಲ ಮಷೀನ್ ದಾಟಿಸಿ, ಒಂದು ವಾರ ಪರೀಕ್ಷಿಸಿ, ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಅರ್ಧ ಪ್ಯಾಕೇಜ್‌ಗಳು ಹೊಸ ಆವೃತ್ತಿಗೆ ಬದಲಾಗಿ, ಹಳೆಯವು ಹೋಗಿದ್ದವು. ಈಗ ಅದನ್ನು 30ಕ್ಕೆ ಏರಿಸಿದ್ದೇನೆ.

ಅದಕ್ಕಿಂತ ಮುಖ್ಯವಾದ ಉಪಾಯ ಕ್ಯಾಚರ್‌ನ ಆಫ್‌ಲೈನ್‌ಮೋಡ್. ಮೊದಲ ಮಷೀನ್ ಸರಿಯಾಗಿ ಎದ್ದಿತು ಎಂದಾದ ಮೇಲೆ ಇದನ್ನು 1 ಮಾಡಿದರೆ ಕ್ಯಾಚರ್ ಹೊರಗೆ ಹೋಗುವುದೇ ಇಲ್ಲ. ಉಳಿದ ಏಳಕ್ಕೂ ಕ್ಯಾಶ್‌ನಲ್ಲಿ ನಿಂತ ಅದೇ ಆವೃತ್ತಿಯ ಪ್ಯಾಕೇಜ್‌ಗಳು. ಪರೀಕ್ಷಿಸಿದ್ದು ಒಂದು, ಹಾಕಿದ್ದು ಇನ್ನೊಂದು ಎನ್ನುವ ತಾಪತ್ರಯ ತಪ್ಪುತ್ತದೆ. ಮೊದಲ ಸಲ ಇದು ಎರಡು ಕಡೆ ಮುಗ್ಗರಿಸಿತು. ಎಕ್ಸ್‌ಎಫ್‌ಸಿಇ ಮಷೀನ್ ಮೊದಲು ಹೋಗಿತ್ತು, ಕೆಡಿಇ ಮಷೀನ್‌ಗೆ ಬೇಕಾದ ನಾನೂರು ಚಿಲ್ಲರೆ ಪ್ಯಾಕೇಜ್ ಕ್ಯಾಶ್‌ನಲ್ಲಿ ಇರಲಿಲ್ಲ, ಸಾಲುಸಾಲಾಗಿ 503 ದೋಷ (ಸೇವೆ ಲಭ್ಯವಿಲ್ಲ) ಬಂತು. ಆಪ್ಟ್ ಎಲ್ಲ ಫೈಲ್ ಕೈಸೇರುವ ತನಕ ಬಿಚ್ಚಲು ಶುರು ಮಾಡುವುದಿಲ್ಲ, ಹಾಗಾಗಿ ಹಾನಿಯಾಗಲಿಲ್ಲ. ಈಗ ಆಫ್‌ಲೈನ್‌ಮೋಡ್ ಹಾಕಿ ಬಾಗಿಲು ಮುಚ್ಚುವ ಮೊದಲು ಎಲ್ಲ ಮಷೀನ್‌ಗಳಲ್ಲೂ ಫುಲ್-ಅಪ್‌ಗ್ರೇಡ್ ಅನ್ನು ಡೌನ್‌ಲೋಡ್-ಓನ್ಲಿ ಜೊತೆ ಒಮ್ಮೆ ಓಡಿಸುತ್ತೇನೆ. ಇನ್ನೊಂದು, ಸೆಕ್ಯೂರಿಟಿ ರೆಪೊದ (ಭದ್ರತಾ ಪ್ಯಾಕೇಜ್‌ಗಳ ಭಂಡಾರದ) ರಿಲೀಸ್ ಫೈಲ್‌ಗೆ ವ್ಯಾಲಿಡ್-ಅಂಟಿಲ್ ದಿನಾಂಕ ಇರುತ್ತದೆ, ಸುಮಾರು ಒಂದು ವಾರದ್ದು. ಮುಚ್ಚಿಟ್ಟು ಹತ್ತು ದಿನ ಬಿಟ್ಟರೆ ಅವಧಿ ಮುಗಿಯಿತು ಎಂದು ಆಪ್ಟ್ ನಿಲ್ಲುತ್ತದೆ. ಆ ತಪಾಸಣೆಯನ್ನೇ ನಿಲ್ಲಿಸುವ ಆಯ್ಕೆ ಇದೆ, ನಾನು ನಿಲ್ಲಿಸುವುದಿಲ್ಲ. ಐದು ದಿನದಲ್ಲಿ ಎಲ್ಲ ಮುಗಿಸುತ್ತೇನೆ.

ಇನ್ನು ಕಸದ ವಿಷಯ. ಅಪ್‌ಗ್ರೇಡ್ ಕೆಡಿಸುವುದು ಡೆಬಿಯನ್ ಪ್ಯಾಕೇಜ್‌ಗಳಲ್ಲ, ಹೊರಗಿನಿಂದ ಬಂದು ಕೂತವು. ಆಪ್ಟ್ ಲಿಸ್ಟ್‌ಗೆ ಪ್ರಶ್ನೆಚಿಹ್ನೆಯೊಂದಿಗೆ 'ಆಬ್ಸೊಲೀಟ್' ಕೊಟ್ಟರೆ ಈಗಿನ ಯಾವ ರೆಪೊದಲ್ಲೂ ಇಲ್ಲದ ಪ್ಯಾಕೇಜ್‌ಗಳು ಹೊರಬೀಳುತ್ತವೆ. ಒಂದು ಮಷೀನ್‌ನಲ್ಲಿ 140ರಷ್ಟು ಸಿಕ್ಕವು. ಅದರಲ್ಲಿ ಮುಕ್ಕಾಲು ಪಾಲು ಹಳೆಯ ಲೈಬ್ರರಿಗಳು, ತೆಗೆದರೆ ಮುಗಿಯಿತು. ತೊಂದರೆ ಕೊಡುವುದು ಡೆಬಿಯನ್‌ನ ಹೊರಗಿನ ಮಲ್ಟಿಮೀಡಿಯಾ ರೆಪೊದವು. ಅವುಗಳ ಆವೃತ್ತಿ ಸಂಖ್ಯೆಯ ಮುಂದೆ ಎಪೊಕ್ ಅಂಕಿ (ಯಾವುದು ಹೊಸದು ಎಂದು ಹೋಲಿಸುವಾಗ ಮೊದಲು ನೋಡುವ ಅಂಕಿ) ದೊಡ್ಡದಿರುತ್ತದೆ. ಎಪೊಕ್ 1 ಇದ್ದ 4.1, ಎಪೊಕ್ 0 ಇರುವ 7.0ಕ್ಕಿಂತ ಹೊಸದು ಎಂದೇ ಡಿಪಿಕೆಜಿ (ಆಪ್ಟ್ ತಂದದ್ದನ್ನು ಬಿಚ್ಚಿ ಹಾಕುವ ಪ್ರೋಗ್ರಾಂ) ಲೆಕ್ಕ. ರೆಪೊ ಸಾಲು ಅಳಿಸಿದರೂ ಪ್ಯಾಕೇಜ್ ಕದಲುವುದಿಲ್ಲ, ಆಮೇಲೆ ಅದನ್ನು ನೆಚ್ಚಿಕೊಂಡ ಐವತ್ತು ಪ್ಯಾಕೇಜ್‌ಗಳೂ ಕದಲುವುದಿಲ್ಲ. ಇದಕ್ಕೆ ಪಿನ್ ಬೇಕು, ಅಂದರೆ ಯಾವ ಮೂಲಕ್ಕೆ ಎಷ್ಟು ಆದ್ಯತೆ ಎಂದು ಹೇಳುವ ಸಂಖ್ಯೆ. ಪ್ರಿಫರೆನ್ಸಸ್ ಫೈಲ್‌ನಲ್ಲಿ ಡೆಬಿಯನ್‌ಗೆ 1001 ಕೊಟ್ಟರೆ ಆಪ್ಟ್ ಹಳೆಯ ಆವೃತ್ತಿಗೂ ಇಳಿಯುತ್ತದೆ. ಸಾವಿರಕ್ಕಿಂತ ಕಡಿಮೆ ಸಂಖ್ಯೆಗೆ ಕೆಳಗಿಳಿಸುವ ಶಕ್ತಿ ಇಲ್ಲ, 990 ಕೊಟ್ಟು ಕಾದು ಕೂತವರನ್ನು ನೋಡಿದ್ದೇನೆ. ಕೆಲಸ ಮುಗಿದ ತಕ್ಷಣ ಪಿನ್ ತೆಗೆಯಬೇಕು. ಯಾವುದನ್ನು ಇಳಿಸಬಹುದು, ಯಾವುದನ್ನು ಕಿತ್ತುಹಾಕಬೇಕು ಎಂದು ವಿಂಗಡಿಸಲು ನನ್ನ ಬಳಿ ಒಂದು ಸ್ಕ್ರಿಪ್ಟ್ ಇದೆ. ಅದನ್ನಿಲ್ಲಿ ಕೊಡುವುದಿಲ್ಲ. ನೀವೇ ಕೇಳಿ ಹಾಕಿದ ಪ್ಯಾಕೇಜ್‌ಗಳನ್ನು ತೋರಿಸುವ ಆಪ್ಟ್-ಮಾರ್ಕ್ ಶೋಮ್ಯಾನುವಲ್ ಪಟ್ಟಿಯಿಂದ ಶುರು ಮಾಡಿ, ಗೊತ್ತಿರುವವರಿಗೆ ಅಷ್ಟು ಸಾಕು.

ಅಪ್‌ಗ್ರೇಡ್ ದಿನದ ಕೆಲಸ ಸರಳ. ಆಪ್ಟ್-ಮಾರ್ಕ್ ಶೋಹೋಲ್ಡ್ (ಅಪ್‌ಗ್ರೇಡ್ ಆಗದಂತೆ ತಡೆದಿಟ್ಟ ಪ್ಯಾಕೇಜ್‌ಗಳ ಪಟ್ಟಿ) ಖಾಲಿ ಇರಬೇಕು. ಈಗಿನ ಆವೃತ್ತಿಯ ಕೊನೆಯ ಅಪ್‌ಡೇಟ್ ಪೂರ್ತಿ ಆಗಿರಬೇಕು. ಡೆಸ್ಕ್‌ಟಾಪ್‌ನ ಟರ್ಮಿನಲ್‌ನಲ್ಲಿ ಮಾಡಬೇಡಿ. ಅಪ್‌ಗ್ರೇಡ್ ನಡುವೆ ಡಿಸ್‌ಪ್ಲೇ ಮ್ಯಾನೇಜರ್ (ಲಾಗಿನ್ ಪರದೆ ನಡೆಸುವ ಪ್ರೋಗ್ರಾಂ) ಬಿದ್ದರೆ ಟರ್ಮಿನಲ್ ಜೊತೆಗೇ ಡಿಪಿಕೆಜಿಯೂ ಬೀಳುತ್ತದೆ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ, ಲಾಗಿನ್ ಆಗಿ, ಟಿಮಕ್ಸ್ (ಪರದೆ ಹೋದರೂ ಕೆಲಸ ಓಡಿಸುತ್ತಿರುವ ಪ್ರೋಗ್ರಾಂ) ಒಳಗೆ ಶುರು ಮಾಡಿ. ಮೊದಲು ಹೊಸ ಪ್ಯಾಕೇಜ್ ಸೇರಿಸದ ಅಪ್‌ಗ್ರೇಡ್, ಆಮೇಲೆ ಫುಲ್-ಅಪ್‌ಗ್ರೇಡ್. ಫುಲ್-ಅಪ್‌ಗ್ರೇಡ್ ತೆಗೆದುಹಾಕುವ ಪಟ್ಟಿಯನ್ನು ಪೂರ್ತಿ ಓದಿ. ಅಲ್ಲಿ ಡೆಸ್ಕ್‌ಟಾಪ್‌ನ ಮುಖ್ಯ ಪ್ಯಾಕೇಜ್ ಕಂಡರೆ ಎನ್ ಒತ್ತಿ ಹೊರಬನ್ನಿ, ಎಲ್ಲೋ ಹೊರಗಿನ ಲೈಬ್ರರಿ ಉಳಿದಿದೆ. ಹತ್ತಕ್ಕೆ ಎಂಟು ಸಲ ಹಾಗೇ ಆಗಿರುತ್ತದೆ.

ಆವೃತ್ತಿಯಿಂದ ಆವೃತ್ತಿಗೆ ಸೋರ್ಸಸ್ ಲಿಸ್ಟ್‌ನ ಸಾಲುಗಳೂ ಬದಲಾಗಿವೆ. ಬುಲ್ಸ್‌ಐಗೆ ಹೋಗುವಾಗ ಸೆಕ್ಯೂರಿಟಿ ಸಾಲಿನ 'ಬಸ್ಟರ್/ಅಪ್‌ಡೇಟ್ಸ್' ಹೋಗಿ 'ಬುಲ್ಸ್‌ಐ-ಸೆಕ್ಯೂರಿಟಿ' ಆಯಿತು. ಸೆಡ್ ಆಜ್ಞೆಯಿಂದ ಆವೃತ್ತಿಯ ಹೆಸರು ಮಾತ್ರ ಬದಲಿಸಿದವರಿಗೆ ರಿಲೀಸ್ ಫೈಲ್ ಇಲ್ಲ ಎನ್ನುವ ದೋಷ ಬಂತು. ಬುಕ್‌ವರ್ಮ್‌ನಲ್ಲಿ ಫರ್ಮ್‌ವೇರ್ ಬೇರೆಯಾಗಿ 'ನಾನ್-ಫ್ರೀ-ಫರ್ಮ್‌ವೇರ್' ವಿಭಾಗಕ್ಕೆ ಹೋಯಿತು. ಅದನ್ನು ಸೇರಿಸದಿದ್ದರೆ ಅಪ್‌ಗ್ರೇಡ್ ದೋಷ ಕೊಟ್ಟು ನಿಲ್ಲುವುದಿಲ್ಲ, ವೈಫೈ ಫರ್ಮ್‌ವೇರ್ ಮಾತ್ರ ಹಳೆಯದರಲ್ಲೇ ನಿಲ್ಲುತ್ತದೆ. ಅದೇ ಆವೃತ್ತಿಯಲ್ಲಿ ಗ್ರಬ್ (ಬೂಟ್ ಮೆನು ತೋರಿಸುವ ಪ್ರೋಗ್ರಾಂ) ಬೇರೆ ಓಎಸ್ ಹುಡುಕುವುದನ್ನೂ ನಿಲ್ಲಿಸಿತು. ವಿಂಡೋಸ್ ಮೆನುವಿನಿಂದ ಮಾಯವಾದರೆ ಗ್ರಬ್ ಡಿಫಾಲ್ಟ್ ಫೈಲ್‌ನಲ್ಲಿ ಓಎಸ್-ಪ್ರೋಬರ್ ಅನ್ನು ಮತ್ತೆ ತೆರೆದು ಅಪ್‌ಡೇಟ್-ಗ್ರಬ್ ಓಡಿಸಬೇಕು.

ಗ್ರಬ್ ಕೊಟ್ಟಷ್ಟು ಕಾಟ ಇನ್ಯಾವುದೂ ಕೊಟ್ಟಿಲ್ಲ. ಹಳೆಯ ಹಾರ್ಡ್‌ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ನಕಲು ಮಾಡಿ, ಹಳೆಯದನ್ನು ಡೇಟಾಗೆಂದು ಒಳಗೇ ಬಿಟ್ಟಿದ್ದ ಮಷೀನ್, ಬಯಾಸ್ ಬೂಟ್ (ಯುಇಎಫ್‌ಐ ಅಲ್ಲದ ಹಳೆಯ ಬಗೆ). ಅಪ್‌ಗ್ರೇಡ್ ಒಂದೂ ದೋಷವಿಲ್ಲದೆ ಮುಗಿಯಿತು. ರೀಬೂಟ್ ಮಾಡಿದರೆ 'ಸಿಂಬಲ್ ನಾಟ್ ಫೌಂಡ್', ಕೆಳಗೆ ಗ್ರಬ್ ರೆಸ್ಕ್ಯೂ. ಆಗಿದ್ದಿಷ್ಟು: ಗ್ರಬ್-ಪಿಸಿ ಯಾವ ಡಿಸ್ಕ್‌ಗೆ ಬರೆಯಬೇಕು ಎನ್ನುವುದು ಪ್ಯಾಕೇಜ್‌ಗಳ ಪ್ರಶ್ನೆಗೆ ಕೊಟ್ಟ ಉತ್ತರ ಇಟ್ಟುಕೊಳ್ಳುವ ಡೆಬ್‌ಕಾನ್ಫ್‌ನಲ್ಲಿ ದಾಖಲಾಗಿರುತ್ತದೆ, ಅಲ್ಲಿ ಹಳೆಯ ಡಿಸ್ಕ್‌ನ ಗುರುತೇ ಉಳಿದಿತ್ತು. ಹೊಸ ಬೂಟ್ ಕೋಡ್ ಹಳೆಯ ಡಿಸ್ಕ್‌ನ ತಲೆಗೆ ಹೋಯಿತು, ಹೊಸ ಮಾಡ್ಯೂಲ್‌ಗಳು ಎಸ್‌ಎಸ್‌ಡಿಯ ಬೂಟ್ ಫೋಲ್ಡರ್‌ಗೆ ಬಂದವು. ಎಸ್‌ಎಸ್‌ಡಿಯ ತಲೆಯಲ್ಲಿದ್ದ ಹಳೆಯ ಕೋಡ್‌ಗೂ ಹೊಸ ಮಾಡ್ಯೂಲ್‌ಗೂ ಹೊಂದಾಣಿಕೆ ಇಲ್ಲ. ಲೈವ್ ಯುಎಸ್‌ಬಿಯಿಂದ ಡಿಸ್ಕ್‌ನ ಸಿಸ್ಟಮ್ ಒಳಗೆ ಹೊಕ್ಕು (ಕ್ರೂಟ್ ಮಾಡಿ), ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ ಕೊಟ್ಟು ಸರಿಯಾದ ಡಿಸ್ಕ್ ಆರಿಸಿದಾಗ ಎದ್ದಿತು. ಡಿಸ್ಕ್ ಬದಲಿಸಿದ ಯಾವುದೇ ಬಯಾಸ್ ಮಷೀನ್‌ನಲ್ಲಿ ಈ ಆಜ್ಞೆಯನ್ನು ಅಪ್‌ಗ್ರೇಡ್‌ಗೆ ಮೊದಲೇ ಓಡಿಸಿ.

ಬೂಟ್ ಪಾರ್ಟಿಷನ್ ಕೂಡ ಹಾಗೇ. ಹಳೆಯ ಅಳವಡಿಕೆಗಳಲ್ಲಿ ಅದು 240 ಎಂಬಿ ಆಸುಪಾಸು. ಮೂರನೇ ಕರ್ನಲ್ ಬಂದಾಗ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಮೊದಲಲ್ಲಿ ಬೇಕಾದ ಡ್ರೈವರ್‌ಗಳ ಕಟ್ಟು) ಕಟ್ಟುವಷ್ಟರಲ್ಲಿ ಜಾಗ ಮುಗಿದು ಡಿಪಿಕೆಜಿ ಅರ್ಧಕ್ಕೆ ನಿಲ್ಲುತ್ತದೆ. ಟ್ರಿಕ್ಸಿಗೆ ಇನ್ನೂ ಹೆಚ್ಚು ಬೇಕು. ಡಿಸ್ಕ್ ಬದಲಿಸಿ ಎಂದವರಿದ್ದರು. ಖರ್ಚಿಲ್ಲದ ದಾರಿ: ಓಡುತ್ತಿರುವ ಕರ್ನಲ್ ಒಂದನ್ನುಳಿಸಿ ಮಿಕ್ಕವನ್ನು ಪರ್ಜ್ ಮಾಡಿ (ಪೂರ್ತಿ ತೆಗೆದುಹಾಕಿ), ಇನಿಟ್‌ರಾಮ್‌ಎಫ್‌ಎಸ್ ಕಾನ್ಫ್‌ನಲ್ಲಿ ಮಾಡ್ಯೂಲ್ಸ್ ಅನ್ನು 'ಮೋಸ್ಟ್'ನಿಂದ 'ಡೆಪ್'ಗೆ (ಈ ಮಷೀನ್‌ಗೆ ಬೇಕಾದ್ದು ಮಾತ್ರ) ಬದಲಿಸಿ. ನನ್ನಲ್ಲಿ 60 ಎಂಬಿ ಇದ್ದ ಇನಿಟ್‌ರಾಮ್‌ಎಫ್‌ಎಸ್ 20ರ ಹತ್ತಿರ ಬಂತು. ಬೆಲೆ ಒಂದಿದೆ, ಆ ಡಿಸ್ಕ್ ಕಿತ್ತು ಬೇರೆ ಮಷೀನ್‌ಗೆ ಹಾಕಿದರೆ ಬೂಟ್ ಆಗದಿರಬಹುದು.

ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವಲ್ಲಿ ಲಿನಕ್ಸ್-ಹೆಡರ್ಸ್-ಎಎಂಡಿ64 ಮೆಟಾಪ್ಯಾಕೇಜ್ ಇದೆಯೇ ನೋಡಿ. ನಿರ್ದಿಷ್ಟ ಆವೃತ್ತಿಯ ಹೆಡರ್ ಮಾತ್ರ ಇದ್ದರೆ ಪ್ರತಿ ಕರ್ನಲ್‌ಗೂ ಡ್ರೈವರ್ ಕಟ್ಟಿಕೊಡುವ ಡಿಕೆಎಂಎಸ್ ಹೊಸ ಕರ್ನಲ್‌ಗೆ ಮಾಡ್ಯೂಲ್ ಕಟ್ಟುವುದಿಲ್ಲ, ರೀಬೂಟ್ ಆದ ಮೇಲೆ ಕಪ್ಪು ಪರದೆ. ರೀಬೂಟ್‌ಗೆ ಮೊದಲು ಡಿಕೆಎಂಎಸ್ ಸ್ಟೇಟಸ್ ಕೊಟ್ಟು ಹೊಸ ಕರ್ನಲ್‌ನ ಮುಂದೆ 'ಇನ್‌ಸ್ಟಾಲ್ಡ್' ಎಂದಿರುವುದನ್ನು ಕಣ್ಣಾರೆ ಓದಿ.

ಲಾಕ್ ಫೈಲ್ ದೋಷ ಬಂದರೆ ಫೈಲ್ ಅಳಿಸುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಫ್ಯೂಸರ್ ಆಜ್ಞೆಯಿಂದ ಅದು ಯಾವ ಪ್ರೋಗ್ರಾಂ ಕೈಯಲ್ಲಿದೆ ನೋಡಿ. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಅಥವಾ ಪ್ಯಾಕೇಜ್‌ಕಿಟ್ ಆಗಿರುತ್ತದೆ, ಹತ್ತು ನಿಮಿಷ ಬಿಟ್ಟರೆ ತಾನೇ ಬಿಡುತ್ತದೆ. ಎರಡು ಡಿಪಿಕೆಜಿ ಒಟ್ಟಿಗೆ ಓಡಿ ಸ್ಟೇಟಸ್ ಫೈಲ್ ಕೆಟ್ಟರೆ ವಾರ್-ಬ್ಯಾಕಪ್ಸ್ ಫೋಲ್ಡರ್‌ನಲ್ಲಿರುವ ಹಳೆಯ ಪ್ರತಿಯಿಂದ ಮರಳಿ ತರಬೇಕಾಗುತ್ತದೆ.

ಒಂದು ವಿಚಿತ್ರ ದೋಷ ಅರ್ಧ ದಿನ ತಿಂದಿತು. 'ರಿಲೀಸ್ ಫೈಲ್ ಇನ್ನೂ ಮಾನ್ಯವಲ್ಲ, ಇಷ್ಟು ದಿನ ಕಾಯಿರಿ' ಎನ್ನುವ ಅರ್ಥದ ಸಂದೇಶ. ಮಿರರ್ ಬದಲಿಸಿದೆ, ಕ್ಯಾಶ್ ಅಳಿಸಿದೆ, ಪ್ರಯೋಜನವಾಗಲಿಲ್ಲ. ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಸತ್ತು ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ನಾಣ್ಯದಷ್ಟು ಅಗಲದ ಬ್ಯಾಟರಿ ಹಾಕಿ ಗಡಿಯಾರ ಸರಿಮಾಡಿದ ಮೇಲೆ ಅದೇ ಆಜ್ಞೆ ಒಂದೇ ಸಲಕ್ಕೆ ನಡೆಯಿತು.

ವೇಗದ ಒಂದು ಪ್ರಯೋಗವನ್ನೂ ಮಾಡಿದ್ದುಂಟು. ಹಾರ್ಡ್‌ಡಿಸ್ಕ್ ಮಷೀನ್‌ಗಳಲ್ಲಿ ಸಮಯ ತಿನ್ನುವುದು ಡೌನ್‌ಲೋಡ್ ಅಲ್ಲ, ಪ್ರತಿ ಫೈಲ್‌ಗೂ ಡಿಪಿಕೆಜಿ ಮಾಡುವ ಎಫ್‌ಸಿಂಕ್ (ಡಿಸ್ಕ್‌ಗೆ ಬರೆದು ಮುಗಿಯುವ ತನಕ ಕಾಯುವುದು). ಆ ಕಾಯುವಿಕೆಯನ್ನು ತಪ್ಪಿಸುವ ಈಟ್‌ಮೈಡೇಟಾ ಆಜ್ಞೆ ಮುಂದಿಟ್ಟು ಫುಲ್-ಅಪ್‌ಗ್ರೇಡ್ ಓಡಿಸಿದಾಗ 70 ನಿಮಿಷದ ಕೆಲಸ 25ಕ್ಕೆ ಮುಗಿಯಿತು. ಎಸ್‌ಎಸ್‌ಡಿಯಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಡುವೆ ಕರೆಂಟ್ ಹೋದರೆ ಮಾತ್ರ ಸೊನ್ನೆ ಬೈಟ್‌ನ ಫೈಲ್‌ಗಳು ಉಳಿಯಬಹುದು, ಡಿಪಿಕೆಜಿ ಕಾನ್ಫಿಗರ್ ಆಜ್ಞೆಯಿಂದಲೂ ಅದು ಸರಿಹೋಗದು. ಯುಪಿಎಸ್ ಮತ್ತು ಪೂರ್ತಿ ಇಮೇಜ್ ಬ್ಯಾಕಪ್ ಎರಡೂ ಇದ್ದಲ್ಲಿ ಮಾತ್ರ ಬಳಸಿದ್ದೇನೆ. ಮುಗಿದ ಕೂಡಲೇ ಸಿಂಕ್ ಕೊಟ್ಟು, ಅದು ಮರಳಿದ ಮೇಲೆಯೇ ರೀಬೂಟ್.

ಹಳೆಯ ಕಾನ್ಫಿಗ್ ಫೈಲ್ ಇಡಲೇ, ಹೊಸದು ಹಾಕಲೇ ಎಂದು ಅಪ್‌ಗ್ರೇಡ್ ನಡುವೆ ಬರುವ ಪ್ರಶ್ನೆಗೆ ನಾನು ಯಾವಾಗಲೂ ಹಳೆಯದನ್ನೇ ಉಳಿಸುತ್ತೇನೆ. ಆಮೇಲೆ ಈಟಿಸಿಯಲ್ಲಿ 'ಡಿಪಿಕೆಜಿ-ಡಿಸ್ಟ್' ಬಾಲದ ಫೈಲ್‌ಗಳನ್ನು ಹುಡುಕಿ ಒಂದೊಂದಾಗಿ ಡಿಫ್ (ಎರಡರ ವ್ಯತ್ಯಾಸ) ನೋಡುತ್ತೇನೆ. ಒಂದು ಮಷೀನ್‌ಗೆ ಹತ್ತು ಹನ್ನೆರಡು ಸಿಗುತ್ತವೆ, ಕಾಲು ಗಂಟೆಯ ಕೆಲಸ. ಇದನ್ನು ಬಿಟ್ಟವರಿಗೇ ಮುಂದಿನ ಆವೃತ್ತಿಯಲ್ಲಿ ಕಸ ಕಾಣುವುದು.

ನಿಂತುಹೋದ ಎರಡು ಮಷೀನ್‌ಗಳು 32 ಬಿಟ್‌ನವು. ಟ್ರಿಕ್ಸಿಯಲ್ಲಿ ಐ386ಕ್ಕೆ (32 ಬಿಟ್ ಪಿಸಿಗೆ) ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. ಅವು ಬುಕ್‌ವರ್ಮ್‌ನಲ್ಲೇ ಇವೆ, ಅವುಗಳಲ್ಲೊಂದು ಈಗಲೂ ಉಳಿದ ಆರಕ್ಕೆ ಕ್ಯಾಶ್ ಬಡಿಸುತ್ತಿದೆ.