ಅಂಕಪಟ್ಟಿ ನೀವೇ ಬರೆಯಿರಿ, ಎಸೆತ ಎಣಿಸಿ ಬರೆಯಿರಿ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮ್ಮ ಕನ್ನಡದ ಹುಡುಗರು ಸೇರಿ ಆಡುವ ಟೆನಿಸ್ ಬಾಲ್ ಟೂರ್ನಿಗೆ ಅಂಕಪಟ್ಟಿ ಬರೆಯುವುದು ನನ್ನ ಭಾನುವಾರದ ಹವ್ಯಾಸ. ಬೇರೊಂದು ಮೈದಾನದಲ್ಲಿ ಒಂದು ಅನ್ಯಾಯ ಕಣ್ಣಾರೆ ನೋಡಿದ ಮೇಲೆ ಈ ಕೆಲಸ ಹಿಡಿದೆ. ಎರಡು ತಂಡಗಳಿಗೆ ಸಮ ಅಂಕ ಬಂದಿತ್ತು. ಯಾರು ಮುಂದೆ ಅಂತ ರನ್ ರೇಟ್ ತೆಗೆಯುವಾಗ ಪಟ್ಟಿ ಬರೆದವರು 5.3 ಓವರನ್ನು, ಅಂದರೆ ಐದು ಓವರ್ ಮೂರು ಎಸೆತವನ್ನು, ಹಾಗೇ ಕ್ಯಾಲ್ಕುಲೇಟರ್‌ಗೆ ಹಾಕಿದ್ದರು. ತಪ್ಪು ತಂಡ ಸೆಮಿಫೈನಲ್‌ಗೆ ಹೋಯಿತು. ಅದು ಗೊತ್ತಾಗುವಷ್ಟರಲ್ಲಿ ಇನ್ನೊಂದು ತಂಡದ ಹುಡುಗರು ಕಿಟ್ ಹೊತ್ತುಕೊಂಡು ಲೋಕಲ್ ಹತ್ತಿ ಹೋಗಿಬಿಟ್ಟಿದ್ದರು.

1. ಪಟ್ಟಿ ಗೀರಿ. ತಂಡ, ಆಡಿದ್ದು, ಗೆದ್ದದ್ದು, ಸೋತದ್ದು, ರದ್ದಾದದ್ದು, ಅಂಕ. ಗೆದ್ದರೆ 2, ಮಳೆಗೆ ರದ್ದಾದರೆ ಇಬ್ಬರಿಗೂ 1. ಉದ್ದ ಲೆಡ್ಜರ್ ಪುಸ್ತಕ ತಗೊಳ್ಳಿ, ಬಾಲ್ ಪೆನ್ನಲ್ಲೇ ಬರೆಯಿರಿ. ಮುಂಬೈ ಬೆವರಿಗೆ ಜೆಲ್ ಪೆನ್ನಿನ ಶಾಯಿ ನಿಲ್ಲುವುದಿಲ್ಲ.

2. ನಿಯಮ ಮೊದಲೇ ಬರೆದಿಡಿ. ಅಂಕ ಸಮವಾದರೆ ಮುಂದೇನು? ಗೆಲುವಿನ ಸಂಖ್ಯೆಯೋ, ನೆಟ್ ರನ್ ರೇಟೋ, ಅವರಿಬ್ಬರ ನಡುವಿನ ಪಂದ್ಯವೋ? ಟಾಸ್‌ಗೂ ಮುಂಚೆ ಕ್ಯಾಪ್ಟನ್‌ಗಳ ಸಹಿ ಹಾಕಿಸಿ. ಆಮೇಲೆ ಯಾರೂ ಒಪ್ಪುವುದಿಲ್ಲ.

3. ನೆಟ್ ರನ್ ರೇಟ್. ಜನ ಎಡವುವುದು ಇಲ್ಲೇ. 2024ರ ಐಪಿಎಲ್ ಲೀಗ್ ಮುಗಿದಾಗ ಆರ್‌ಸಿಬಿ, ಚೆನ್ನೈ ಎರಡಕ್ಕೂ 14 ಅಂಕ ಇತ್ತು. ಅವರಿಬ್ಬರ ನಡುವಿನ ಕೊನೆಯ ಲೀಗ್ ಪಂದ್ಯದಲ್ಲಿ ಆರ್‌ಸಿಬಿ 218 ಹೊಡೆದಿತ್ತು. ಸೋತರೂ ಪರವಾಗಿಲ್ಲ, 201 ಮಾಡಿದ್ದರೆ ಚೆನ್ನೈ ಪ್ಲೇ ಆಫ್‌ಗೆ ಹೋಗುತ್ತಿತ್ತು. 191ಕ್ಕೆ ನಿಂತಿತು. ಆ ಲೆಕ್ಕವೇ ಇದು.

ನೀವು ಹೊಡೆದ ಒಟ್ಟು ರನ್ನನ್ನು ಆಡಿದ ಒಟ್ಟು ಓವರಿನಿಂದ ಭಾಗಿಸಿ. ಕೊಟ್ಟ ರನ್ನನ್ನು ಹಾಕಿದ ಓವರಿನಿಂದ ಭಾಗಿಸಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಕೇಳಲು ಸುಲಭ, ಅಲ್ವಾ? 8 ಓವರಿನ ಎರಡು ಪಂದ್ಯ ನೋಡೋಣ.

ಮೊದಲ ಪಂದ್ಯ: ನಮ್ಮದು 8 ಓವರಿಗೆ 72. ಎದುರಾಳಿ 6.4 ಓವರಲ್ಲಿ 54ಕ್ಕೆ ಆಲೌಟ್. ಎರಡನೆಯದು: ಎದುರಾಳಿ 8 ಓವರಿಗೆ 61. ನಾವು 6.4 ಓವರಲ್ಲೇ 62 ಹೊಡೆದು ಗೆದ್ದೆವು.

6.4 ಅಂದರೆ ಆರು ಓವರ್, ನಾಲ್ಕು ಎಸೆತ. ಅದು 40 ಎಸೆತ. ಅದಕ್ಕೇ ಓವರ್ ಮರೆತುಬಿಡಿ, ಎಸೆತದ ಕಾಲಂ ಮಾತ್ರ ಇಡಿ. ನಾವು ಆಡಿದ್ದು 48 ಮತ್ತು 40, ಒಟ್ಟು 88. ರನ್ 134. ಆರರಿಂದ ಗುಣಿಸಿ 88ರಿಂದ ಭಾಗಿಸಿದರೆ 9.136.

ಎದುರಾಳಿ ಆಲೌಟ್ ಆಗಿದ್ದು 40 ಎಸೆತಕ್ಕೆ. ಆದರೂ ಬರೆಯಬೇಕಾದದ್ದು ಪೂರ್ತಿ 48. ಇಲ್ಲದಿದ್ದರೆ ಬೇಗ ಔಟ್ ಮಾಡಿದ ಬೌಲರ್‌ಗೇ ಶಿಕ್ಷೆ ಕೊಟ್ಟ ಹಾಗೆ. 115 ರನ್, 96 ಎಸೆತ, ಅಂದರೆ 7.188. ನಮ್ಮ ನೆಟ್ ರನ್ ರೇಟ್ +1.949. ಆಲೌಟ್ ನಿಯಮ ಮರೆತಿದ್ದರೆ +1.295 ಬರುತ್ತಿತ್ತು. 14.4 ಓವರನ್ನು ಹಾಗೇ ಭಾಗಿಸಿದ್ದರೆ +2.118. ಎಷ್ಟು ದೂರ ನೋಡಿ!

ಪಂದ್ಯಕ್ಕೊಂದು ರೇಟ್ ತೆಗೆದು ಸರಾಸರಿ ಮಾಡುವವರೂ ಇದ್ದಾರೆ. ಅದೂ ತಪ್ಪು. ಒಟ್ಟು ರನ್, ಒಟ್ಟು ಎಸೆತ, ಅಷ್ಟೇ. ಫಲಿತಾಂಶವಿಲ್ಲದೆ ರದ್ದಾದ ಪಂದ್ಯದ ರನ್ ಈ ಲೆಕ್ಕಕ್ಕೆ ಬರಲೇಬಾರದು.

ಮೊಬೈಲ್ ಆ್ಯಪ್ ಬೇಡವೇ ಅಂತ ಕೇಳುತ್ತಾರೆ. ನಾನು ನೋಡಿದ ಒಂದು ಉಚಿತ ಆ್ಯಪ್‌ನಲ್ಲಿ ಆಲೌಟ್ ಅಂತ ಗುರುತು ಹಾಕಲು ಜಾಗವೇ ಇರಲಿಲ್ಲ. ಎಕ್ಸೆಲ್ ಒಳ್ಳೆಯದು. ಆದರೆ ರನ್ ಮತ್ತು ವಿಕೆಟ್ ಬೇರೆ ಬೇರೆ ಮನೆಯಲ್ಲಿ ಹಾಕಿ. ನಡುವೆ ಗೆರೆ ಎಳೆದು ಒಟ್ಟಿಗೆ ಬರೆದರೆ ಕೆಲವೊಮ್ಮೆ ಅದನ್ನು ತಾರೀಖು ಅಂದುಕೊಂಡುಬಿಡುತ್ತದೆ.

4. ತಾಳೆ ನೋಡಿ. ಆರು ತಂಡ ಎಲ್ಲರೊಡನೆ ಒಮ್ಮೆ ಆಡಿದರೆ 15 ಪಂದ್ಯ. ಎಲ್ಲರ ಅಂಕ ಕೂಡಿದರೆ 30 ಬರಬೇಕು. ಎಲ್ಲರೂ ಹೊಡೆದ ರನ್, ಎಲ್ಲರೂ ಕೊಟ್ಟ ರನ್ ಒಂದೇ ಇರಬೇಕು. ಎಸೆತವೂ ಹಾಗೇ. ಒಂದು ರನ್ ಹೆಚ್ಚುಕಮ್ಮಿ ಬಂದರೂ ಬಿಡಬೇಡಿ, ಸ್ಕೋರ್ ಶೀಟ್ ತೆರೆದು ಮತ್ತೆ ಕೂಡಿ.

5. ಹಂಚಿ. ಪಟ್ಟಿಯ ಫೋಟೊ ಅದೇ ರಾತ್ರಿ ಗ್ರೂಪ್‌ಗೆ ಹಾಕಿ. ಎಸೆತದ ಕಾಲಂ ಕಾಣುವ ಹಾಗೆ ತೆಗೆಯಿರಿ. ಕ್ಯಾಪ್ಟನ್‌ಗಳು ತಾವೇ ಭಾಗಿಸಿ ನೋಡಲಿ, ತಪ್ಪಿದ್ದರೆ ಮುಂದಿನ ಭಾನುವಾರದೊಳಗೆ ಹೇಳಲಿ.